ಹನ್ನೆರಡನೆಯ ಹುಳದ ಬಣ್ಣ

ಆ ಬುಧವಾರ ಮಧ್ಯಾಹ್ನ ನಾನು ಒಬ್ಬ ಮದುಮಗಳ ಮುಖದಿಂದ ಸಿಡುಬಿನ ಕಲೆಗಳನ್ನು ತೆಗೆಯುತ್ತಿದ್ದೆ. ಕುಂದಾಪುರದ ನಮ್ಮ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕಿಟಕಿಗೆ ಆನಿಸಿದ ಓರೆ ಹಲಗೆಯೊಂದಿತ್ತು. ಅದರ ನಡುವಿನ ತೂತಿನ ಮೇಲೆ ನೆಗೆಟಿವ್ ಇಟ್ಟು, ಕೆಳಗಿನ ಕನ್ನಡಿಯಿಂದ ಬೆಳಕು ಬರುವಂತೆ ಮಾಡಿಕೊಂಡು ಕೂರಬೇಕು. ಕಲೆಯಿದ್ದ ಕಡೆ ನೆಗೆಟಿವ್ ತೆಳ್ಳಗಿರುತ್ತದೆ. ಅಲ್ಲಿ ಸೂಜಿಯಂತೆ ಹರಿತ ಮಾಡಿದ ಪೆನ್ಸಿಲಿನಿಂದ ತುಂಬುತ್ತ ಹೋಗಬೇಕು. ದಟ್ಟವಾದ ಚುಕ್ಕೆ ಇದ್ದರೆ ಬ್ಲೇಡಿನ ಮೂಲೆಯಿಂದ ಮೆಲ್ಲಗೆ ಕೆರೆಯಬೇಕು. ಪೆನ್ಸಿಲ್ ತಪ್ಪಿದರೆ ಒರೆಸಬಹುದು, ಬ್ಲೇಡು ತಪ್ಪಿದರೆ ಮುಗಿಯಿತು. ನಾನು ಬಾರ್ಕೂರಿನಲ್ಲಿ ಎಂಟನೇ ಕ್ಲಾಸಿನವರೆಗೆ ಓದಿದವಳು. ಈ ಕೆಲಸ ಕಲಿತದ್ದು ಮದುವೆಯಾದ ಮೇಲೆ, ಇವರಿಂದ. ಇವರು ಎಂದರೆ ನನ್ನ ಗಂಡ.

ಮುಂದಿನ ಕೋಣೆಯಲ್ಲಿ ಇವರು ಕೋಟದಿಂದ ಬಂದ ಒಂದು ಸಂಸಾರವನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದರು. ಯಜಮಾನರು ಉಸಿರು ಬಿಗಿಹಿಡಿದು ಕೂತಿದ್ದಿರಬೇಕು.

"ಹ್ವಾಯ್, ಒಂಚೂರ್ ಉಸ್ರ್ ಬಿಡಿ ಮಾರ್ರೆ. ಫೋಟೋ ತೆಗೂದ್, ಹಲ್ಲ್ ಕೀಳೂದಲ್ಲ," ಎಂದರು ಇವರು. ಎಲ್ಲರೂ ನಕ್ಕದ್ದು ಕೇಳಿಸಿತು. ಆ ನಗುವಿನ ನಡುವೆ ಕ್ಲಿಕ್ ಎಂದಿತು. ಅಂಥ ದಿನಗಳು ನಮಗೆ ಆರು ವರ್ಷ ಇದ್ದವು. ಅದು ಕೊನೆಯದು ಎಂದು ಆಗ ಗೊತ್ತಿರಲಿಲ್ಲ.

ಮರುದಿನ ಒಬ್ಬ ಕಾಲೇಜಿನ ಮಾಸ್ಟ್ರು ಬಂದರು. ಹೊರ ಜಿಲ್ಲೆಯವರು, ಪ್ರಾಣಿಶಾಸ್ತ್ರ ಕಲಿಸುವವರು. ಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಔಷಧದ ನೀರಿನಲ್ಲಿ ಬೂದು ಬಣ್ಣದ ಒಂದು ಉಂಡೆ ಮುಳುಗಿತ್ತು.

"ಇದು ಚಿಪ್ಪಿಲ್ಲದ ಕಡಲ ಬಸವನಹುಳು. ಬೈಂದೂರಿನ ಕಡೆ ನೀರಿನೊಳಗಿನ ಬಂಡೆಯಿಂದ ತೆಗೆಸಿದೆ. ಬದುಕಿದ್ದಾಗ ಹೂವಿನ ಹಾಗಿರುತ್ತದಂತೆ. ಕಲ್ಲಿನಿಂದ ಎಬ್ಬಿಸಿದರೆ ಮುದುಡಿ ಹೀಗಾಗುತ್ತದೆ, ಬಣ್ಣವೂ ಹೋಗುತ್ತದೆ. ನೀರಿನಲ್ಲಿದ್ದ ಹಾಗೆಯೇ ಫೋಟೋ ತೆಗೆಯಲು ಸಾಧ್ಯವೇ?" ಎಂದು ಕೇಳಿದರು.

ಇವರು ಬೈಂದೂರಿನ ಹತ್ತಿರ ಕಡಲಂಚಿನಲ್ಲಿ ಹುಟ್ಟಿದವರು. ಹುಡುಗರಾಗಿದ್ದಾಗ ಅದೇ ಬಂಡೆಗಳಿಗೆ ಮುಳುಗಿ ಪಚ್ಚಿಲೆ ಚಿಪ್ಪು ಕಿತ್ತವರು. ಬಾಟಲಿಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ, "ಎಷ್ಟ್ ಹುಳ ಬೇಕ್?" ಎಂದರು.

"ಹನ್ನೆರಡು ಬಗೆ ಸಿಕ್ಕಿದರೆ ಒಂದು ಲೇಖನ ಬರೆಯಬಹುದು. ಈ ತೀರದಲ್ಲಿ ಯಾರೂ ಮಾಡಿಲ್ಲ."

ಬಣ್ಣದ ಫಿಲ್ಮು ನಮ್ಮ ಕೈಗೆ ಎಟುಕುವಂಥದ್ದಲ್ಲ. ತೊಳೆಸಲು ದೂರ ಕಳಿಸಬೇಕಿತ್ತು. ಆದ್ದರಿಂದ ಕಪ್ಪುಬಿಳುಪಿನಲ್ಲಿ ತೆಗೆಯುವುದು, ಪ್ರಿಂಟಿಗೆ ನಾನು ಕೈಯಿಂದ ಬಣ್ಣ ಹಾಕುವುದು ಎಂದಾಯಿತು. ಮದುವೆ ಫೋಟೋಗಳಿಗೆ ನಾನು ಸೀರೆಯ ಬಣ್ಣ, ತುಟಿಯ ಬಣ್ಣ ಹಾಕುತ್ತಿದ್ದೆ. ಹುಳಕ್ಕೆ ಹಾಕಲು ಕಷ್ಟವೇನು ಎಂದುಕೊಂಡೆ.

ಕ್ಯಾಮರಾ ನೀರಿಗಿಳಿಯಲು ಒಂದು ಡಬ್ಬಿ ಬೇಕಿತ್ತು. ಪಾತ್ರೆಗೆ ಕಲಾಯಿ ಹಾಕುವವನೊಬ್ಬ ಹಿತ್ತಾಳೆ ತಗಡು ಬಗ್ಗಿಸಿ ಬೆಸುಗೆ ಹಾಕಿಕೊಟ್ಟ. ಎದುರಿಗೆ ದಪ್ಪ ಗಾಜು, ಹಿಂದೆ ಮುಚ್ಚಳ, ಮುಚ್ಚಳದ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ, ಬಿಗಿಯಲು ಎಂಟು ನಟ್ಟು. ಶಟರ್ ಒತ್ತಲು ಒಂದು ಕಂಬಿ, ಫಿಲ್ಮು ಸುತ್ತಲು ಇನ್ನೊಂದು. ಕಂಬಿ ಒಳಹೋಗುವ ತೂತಿಗೆ ಇವರು ಕೊಬ್ಬು ಹಚ್ಚಿದ ಹತ್ತಿಹುರಿ ಸುತ್ತಿದ್ದರು. ಮಳೆಗಾಲ ಮುಗಿದು ನೀರು ತಿಳಿಯಾಗುವುದು ಡಿಸೆಂಬರಿನಲ್ಲಿ. ಆಗ ಸ್ಟುಡಿಯೋ ಮುಚ್ಚಿ ನಾವಿಬ್ಬರೂ ಅತ್ತೆಯ ಮನೆಗೆ ಹೋದೆವು.

ಮೊದಲ ದಿನವೇ ಡಬ್ಬಿಯೊಳಗೆ ನೀರು ಬಂತು. ದೋಣಿ ದಡಕ್ಕೆ ಮುಟ್ಟುವ ಮೊದಲೇ ಇವರ ಮುಖ ನೋಡಿ ನನಗೆ ತಿಳಿಯಿತು. ಆಗ ಹೆಂಗಸರನ್ನು ದೋಣಿಗೆ ಹತ್ತಿಸುತ್ತಿರಲಿಲ್ಲ. ದಡದಲ್ಲಿ ಕೂತು ಫಿಲ್ಮು ತುಂಬುವುದು, ಮುಚ್ಚಳ ಬಿಗಿಯುವುದು ನನ್ನ ಕೆಲಸ. ಕ್ಯಾಮರಾವನ್ನು ಸಿಹಿನೀರಿನಲ್ಲಿ ಅದ್ದಿ ತೊಳೆದು, ಬಿಚ್ಚಿ, ಎರಡು ದಿನ ಅಕ್ಕಿಯ ಡಬ್ಬದಲ್ಲಿಟ್ಟೆವು. ರಬ್ಬರ್ ಪಟ್ಟಿಯನ್ನು ಇವರು ಬೆರಳಿನಿಂದ ತಡವುತ್ತ ಹೋದರು. ಒಂದು ಕಡೆ ನಿಂತರು. ಅಲ್ಲಿ ಅಡ್ಡಲಾಗಿ ಒಂದು ಉದ್ದ ಕೂದಲು ಅಂಟಿತ್ತು. ನನ್ನದು.

"ಒಂದ್ ಕೂದಲ್ ಸಾಕಾಯ್ತ್ ಕಾಣ್," ಎಂದರು, ಅಷ್ಟೆ. ಅಂದಿನಿಂದ ಮುಚ್ಚಳ ಹಾಕುವಾಗ ತಲೆಗೆ ಬಟ್ಟೆ ಬಿಗಿದು ಕಟ್ಟಿಕೊಂಡೆ.

ಎರಡನೆಯ ಸಲ ನೀರು ಬರಲಿಲ್ಲ. ಆದರೆ ಕುಂದಾಪುರಕ್ಕೆ ಹೋಗಿ ರೋಲು ತೊಳೆದಾಗ ಹನ್ನೆರಡು ಫೋಟೋಗಳೂ ಮಸುಕು. ಹುಳಕ್ಕೂ ಕ್ಯಾಮರಾಕ್ಕೂ ದೂರ ಸರಿಯಾಗಿರಲೆಂದು ಡಬ್ಬಿಯ ಮುಂದೆ ಒಂದು ತಂತಿಯ ಚೌಕಟ್ಟು ಬೆಸೆದಿದ್ದೆವು. ಚೌಕಟ್ಟಿನ ನಡುವೆ ಹುಳ ಬಂದರೆ ಕಂಬಿ ಒತ್ತಿದರಾಯಿತು. ಆ ದೂರವನ್ನು ನಾವು ಮನೆಯ ಜಗುಲಿಯಲ್ಲಿ ಅಳೆದಿದ್ದೆವು. ನೀರಿನಲ್ಲಿ ವಸ್ತು ಇದ್ದುದಕ್ಕಿಂತ ಹತ್ತಿರ ಕಾಣುತ್ತದೆ ಎಂಬುದು ಕೊಡದೊಳಗೆ ಕೈಹಾಕಿದ ಯಾರಿಗೂ ಗೊತ್ತು. ನಮಗೂ ಗೊತ್ತಿತ್ತು, ಹೊಳೆಯಲಿಲ್ಲ. ಬಾವಿಕಟ್ಟೆಯ ಪಕ್ಕದ ಕಲ್ಲುಮರಿಗೆಗೆ ನೀರು ತುಂಬಿ, ತಳದಲ್ಲಿ ಮೇಣದಿಂದ ಕಲ್ಲಿಗೆ ಅಂಟಿಸಿದ ಕೊತ್ತಂಬರಿ ಬೀಜ ಇಟ್ಟು, ತಂತಿಯನ್ನು ಬೆರಳಗಲ ಮುಂದೆ, ಅರ್ಧ ಬೆರಳು ಹಿಂದೆ ಸರಿಸುತ್ತ ಎರಡು ರೋಲು ಮುಗಿಸಿದೆವು. ಕೊನೆಗೆ ಒಂದು ಬೀಜದ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿ ಬಂದವು. ಅಲ್ಲಿಗೇ ತಂತಿಯನ್ನು ಬೆಸೆಸಿಬಿಟ್ಟೆವು.

ದೋಣಿಯವರು ಐವತ್ತು ದಾಟಿದವರು, ಇವರಿಗೆ ಚಿಕ್ಕಂದಿನಿಂದ ಪರಿಚಯ. ದಿನವೂ ಏನಾದರೊಂದು ಹೇಳದೆ ಬಿಡುತ್ತಿರಲಿಲ್ಲ.

"ಹ್ವಾಯ್ ಸ್ಟುಡಿಯೋದವ್ರೇ, ಇವತ್ತ್ ಹುಳಕ್ಕೆ ಪೌಡರ್ ಹಾಕೂಕಿತ್ತಾ?"

"ಪೌಡರ್ ಬ್ಯಾಡ. ನಿಮ್ಮನ್ ಕಂಡ್ರೆ ಅದ್ ಓಡಿ ಹೋತ್ತ್, ನೀವೊಂಚೂರ್ ಬದಿಗ್ ಕೂಕಣಿ," ಎನ್ನುತ್ತಿದ್ದರು ಇವರು.

ದಡದಿಂದ ನೋಡಿದರೆ ದೋಣಿ ಒಂದು ಕಪ್ಪು ಗೀಟು. ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ, ಬಿಸಿಲು ನೆಟ್ಟಗೆ ಬೀಳುವಾಗ, ಇಳಿತ ನಿಂತ ಹೊತ್ತು ನೋಡಿ ಮುಳುಗಬೇಕು. ದೋಣಿಯವರು ಕಲ್ಲು ಕಟ್ಟಿದ ಹಗ್ಗವನ್ನು ಇಳಿಬಿಡುತ್ತಿದ್ದರು. ಇವರು ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಡಬ್ಬಿ ಹಿಡಿದು ಇಳಿಯುತ್ತಿದ್ದರು. ಎರಡಾಳು ಆಳ. ಒಂದು ಮುಳುಗಿಗೆ ಒಂದೇ ಫೋಟೋ. ಅಲೆ ಮೈಯನ್ನು ತೂಗುತ್ತಿರುವಾಗ ಬೆರಳಗಲದ ಹುಳವನ್ನು ಚೌಕಟ್ಟಿನಲ್ಲಿ ನಿಲ್ಲಿಸುವುದರಲ್ಲೇ ಉಸಿರು ಮುಗಿಯುತ್ತಿತ್ತು. ಎಷ್ಟೋ ಸಲ ಒತ್ತದೆಯೇ ಮೇಲೆ ಬರುತ್ತಿದ್ದರಂತೆ. ದಡಕ್ಕೆ ಬರುವಾಗ ಕಣ್ಣು ಕೆಂಪು, ತುಟಿ ನೀಲಿ, ಮಂಡಿಯಲ್ಲಿ ಬಂಡೆ ತರಚಿದ ಗಾಯ.

ಬಂದವರು ನೀರು ಕುಡಿಯುವ ಮೊದಲು ಬಣ್ಣ ಹೇಳಬೇಕು, ಅದು ನಮ್ಮ ಕಟ್ಟಳೆ. ಹೊತ್ತು ಹೋದರೆ ಬಣ್ಣ ನೆನಪಿನಲ್ಲಿ ಕೆಡುತ್ತದೆ ಎಂದು ಇವರಿಗೆ ಮೊದಲ ವಾರದಲ್ಲೇ ತಿಳಿದಿತ್ತು. ನಾನು ಪುಸ್ತಕ ತೆರೆದು ಕೂರುತ್ತಿದ್ದೆ. ಕೆಂಪು, ಹಳದಿ ಎಂದು ಅವರೆಂದೂ ಹೇಳಿದವರಲ್ಲ. "ಬಸಳೆ ಹಣ್ಣ್ ಹಿಂಡಿ, ಅದಕ್ಕೆ ಒಂದ್ ಚಮಚ ಹಾಲ್ ಬಿಟ್ಟಾಂಗೆ," ಎನ್ನುತ್ತಿದ್ದರು. "ಹಸಿ ಅರಿಶಿನ ಕುಟ್ಟಿದ ಒನಕೆ ತುದಿ." "ಹುಳಿ ಹಾಕಿ ತಿಕ್ಕುಕ್ ಮುಂಚಿನ ಕಂಚಿನ ಬಟ್ಲ್." ನಾನು ಬರೆದುಕೊಂಡು, ತಟ್ಟೆಯಲ್ಲಿ ಬಣ್ಣ ಕಲಸಿ ತೋರಿಸುತ್ತಿದ್ದೆ. "ಒಂಚೂರ್ ಕಮ್ಮಿ ಮಾಡ್. ಹಾಂ. ಅಲ್ಲ, ಹೆಚ್ಚಾಯ್ತ್. ಈಗ ಕಾಣ್, ಇದೇ." ಇದೇ ಎಂದ ಮೇಲೆ ಆ ಬಣ್ಣದ ಒಂದು ಮಚ್ಚೆಯನ್ನು ಪುಸ್ತಕಕ್ಕೆ ಹಚ್ಚುತ್ತಿದ್ದೆ. ಅಂಗುಲ, ಆಳ, ತಾರೀಖು ಅವರು ಬರೆಯುತ್ತಿದ್ದರು. ಬಣ್ಣದ ಸಾಲು ನನ್ನದು.

ಮೂರನೆಯ ಹುಳದಲ್ಲಿ ನಾನು ತಪ್ಪಿದೆ. ಪ್ರಿಂಟು ನೋಡಿದ ಮಾಸ್ಟ್ರು, "ಬೆನ್ನಿನ ಮೇಲೆ ಚುಕ್ಕೆಗಳಿರಬೇಕಿತ್ತಲ್ಲ?" ಎಂದು ಕೇಳಿದರು. ನೆಗೆಟಿವ್‌ನಲ್ಲಿ ಒಂಬತ್ತು ದಟ್ಟ ಚುಕ್ಕೆಗಳಿದ್ದುದು ನನಗೆ ನೆನಪಿತ್ತು. ನೀರಿನಲ್ಲಿ ತೇಲುವ ಮಣ್ಣಿನ ಕಣ ಎಂದುಕೊಂಡು ಒಂದೊಂದನ್ನೂ ಬ್ಲೇಡಿನಿಂದ ಕೆರೆದಿದ್ದೆ. ಒಳ್ಳೆಯ ಕೈ ಎಂದು ಊರಲ್ಲಿ ನನಗೆ ಹೆಸರಿತ್ತು. ಹುಳದ ಬೆನ್ನು ಮದುಮಗಳ ಕೆನ್ನೆಯ ಹಾಗೆ ನುಣುಪಾಗಿತ್ತು.

ಮಾಸ್ಟ್ರು ಹೋದ ಮೇಲೆ ಇವರು ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅದೇ ಹುಳವನ್ನು ಮತ್ತೆ ಹುಡುಕಲು ಐದು ದಿನ ಹಿಡಿಯಿತು. ಐದನೆಯ ದಿನ ದಡಕ್ಕೆ ಬಂದಾಗ ಬಲಗಿವಿಯನ್ನು ಅಂಗೈಯಿಂದ ಒತ್ತಿಕೊಂಡಿದ್ದರು.

"ಇನ್ ಮೇಲೆ ನಾ ಕಂಡದ್ ಮಾತ್ರ ಹಾಕ್. ಕಾಣದ್ದ್ ಹಾಕೂದೂ ಬ್ಯಾಡ, ತೆಗೂದೂ ಬ್ಯಾಡ," ಎಂದರು. ನಾನು ಹೂಂ ಎಂದೆ.

ಕಿವಿಯ ನೋವು ಹೋಗಿ ಬಂದು ಮಾಡುತ್ತಿತ್ತು. ಅತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಿದ್ದರು. ದಿಂಬಿನ ಬಟ್ಟೆಗೆ ಕೀವು ಅಂಟಿದ್ದನ್ನು ಒಮ್ಮೆ ನೋಡಿದೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಹನ್ನೆರಡಾಗಲಿ ಎನ್ನುತ್ತಿದ್ದರು. ಫೆಬ್ರವರಿ ಬಂದರೆ ನೀರು ಕದಡಬಹುದು ಎಂಬ ಭಯ ಅವರಿಗಿತ್ತು. ದೋಣಿಯವರೂ ಕಿವಿ ತೋರಿಸಿ ಹೇಳಿ ನೋಡಿದರು.

"ಎರಡ್ ದಿನ ಬಿಡಿ ಮಾರ್ರೆ. ಕೆಮಿ ಹೋರೆ ಹೆಂಡ್ತಿ ಬೈದದ್ ಕೇಂತಿಲ್ಲೆ."

"ಅದೇ ಲಾಭ ಅಲ್ದಾ," ಎಂದು ಇವರು ನಕ್ಕರು. ಜನವರಿಯ ಕೊನೆಗೆ ಹನ್ನೊಂದು ಆಗಿತ್ತು.

ಹನ್ನೆರಡನೆಯದು ಸಿಕ್ಕ ದಿನ ನಾನು ದಡದಲ್ಲಿರಲಿಲ್ಲ. ಹಿಂದಿನ ದಿನದಿಂದ ನಾನು ಹೊರಗಾಗಿದ್ದೆ. ಆ ಮೂರು ದಿನ ಹೆಂಗಸರು ಹೊರಜಗುಲಿಯ ಮೂಲೆಯಲ್ಲಿ ಇರುವುದು, ಯಾರನ್ನೂ ಮುಟ್ಟದಿರುವುದು, ದೇವರ ಸಾಮಾನು ಮತ್ತು ಪುಸ್ತಕ ಮುಟ್ಟದಿರುವುದು ನಡೆದುಬಂದ ಕ್ರಮ. ಕುಂದಾಪುರದ ಸ್ಟುಡಿಯೋದಲ್ಲಿ ನಾವಿಬ್ಬರೇ ಇದ್ದಾಗ ನಾನು ಇದನ್ನು ಅಷ್ಟು ಬಿಗಿಯಾಗಿ ನಡೆಸುತ್ತಿರಲಿಲ್ಲ. ಇಲ್ಲಿ ಅತ್ತೆಯ ಮನೆ. ಇವರೇ ಫಿಲ್ಮು ತುಂಬಿ, ಇವರೇ ನಟ್ಟು ಬಿಗಿದುಕೊಂಡು ಹೋದರು.

ಹನ್ನೆರಡೂವರೆಗೆ ಅಂಗಳಕ್ಕೆ ಬಂದು ನಿಂತರು. ಕೂದಲಿನಿಂದ ನೀರು ಇಳಿಯುತ್ತಿತ್ತು. ತಲೆಯನ್ನು ಬಲಕ್ಕೆ ವಾಲಿಸಿದ್ದರು.

"ಸಿಕ್ತ್ ಮಾರಾಯ್ತಿ. ಕಲ್ಲಿನ ಸಂದಿನೊಳ್ಗಿತ್ತ್. ಇಂಥದ್ದನ್ನ್ ನಾ ಕಂಡದ್ದೇ ಇಲ್ಲೆ. ಬಣ್ಣ ಹೇಳ್ತೆ, ಕೇಣ್."

"ಈಗ ಬ್ಯಾಡ. ನಂಗ್ ಪುಸ್ತಕ ಮುಟ್ಟೂಕಿಲ್ಲೆ. ಸ್ನಾನ ಆದ್ಮೇಲೆ ಹೇಳಿ," ಎಂದೆ.

"ಬರೂದ್ ಬ್ಯಾಡ, ಬರೀ ಕೇಣ್."

"ಬರೀದೆ ಕೇಂಡ್ರೆ ನಾ ಮರೀತೆ. ಕಲಸಿ ತೋರ್ಸೂಕೂ ಆತಿಲ್ಲೆ. ನಾಡಿದ್ದ್ ಹೇಳಿ."

"ನಾನೇ ಮರ್ತ್ರೆ?"

"ಹನ್ನೊಂದ್ ಮರೀದವ್ರ್ ಇದೊಂದ್ ಮರೀತ್ರಿಯಾ? ಹೋಯಿ, ಮೊದ್ಲ್ ತಲೆ ಒರ್ಸ್ಕಣಿ."

ನಗುತ್ತ ಒಳಗೆ ಹೋದರು. ಆಗ ಅತ್ತೆ ಅಂಗಳದಲ್ಲಿರಲಿಲ್ಲ. ಇದ್ದಿದ್ದರೂ ಬಣ್ಣ ಕೇಳಬೇಡ ಎಂದು ಹೇಳುತ್ತಿದ್ದರೆಂದು ನನಗನಿಸುವುದಿಲ್ಲ. ಕಿವಿಯಿಂದ ಕೇಳುವುದಕ್ಕೆ ಯಾವ ಮೈಲಿಗೆಯೂ ಇರಲಿಲ್ಲ. ಬಂದೊಡನೆ ಬಣ್ಣ ಕೇಳುವ ನಮ್ಮಿಬ್ಬರ ಕಟ್ಟಳೆ ಮುರಿದೆ, ಮೈಲಿಗೆಯ ಕಟ್ಟಳೆ ಉಳಿಸಿಕೊಂಡೆ.

ಆ ಸಂಜೆಯೇ ಜ್ವರ ಬಂತು. ಮರುದಿನ ಕತ್ತು ತಿರುಗಿಸಲಾಗಲಿಲ್ಲ, ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಳಗಿನಿಂದ ನರಳುವುದು ಜಗುಲಿಗೆ ಕೇಳುತ್ತಿತ್ತು. ನಾನು ಬಾಗಿಲವರೆಗೆ ಹೋದೆ, ಆಮೇಲೆ ಒಳಗೂ ಹೋದೆ. ಅತ್ತೆ ನನ್ನ ಕೈಗೇ ತಣ್ಣೀರ ಬಟ್ಟೆ ಕೊಟ್ಟರು. ಕಾರು ಸಿಕ್ಕಿದ್ದು ಅದರ ಮರುದಿನ. ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಕಿವಿ ನೋಡಿ, ಕೀವು ಮಿದುಳಿಗೆ ಏರಿದೆ, ತಡವಾಗಿದೆ ಎಂದರು. ಅವರು ಮಾಡಬಹುದಾದದ್ದನ್ನೆಲ್ಲ ಮಾಡಿದರು.

ಮಂಚದ ಪಕ್ಕ ನಾನು ಕೂತಿದ್ದೆ. ಮಾತು ಆಗಲೇ ತೊದಲುತ್ತಿತ್ತು. ಬೆಳಿಗ್ಗೆ ಒಮ್ಮೆ ಕಣ್ಣು ತೆರೆದು ನನ್ನನ್ನು ಗುರುತಿಸಿದರು. ಇಂಥ ಹೊತ್ತಿನಲ್ಲಿ ಹೆಂಡತಿ ಏನು ಕೇಳಬೇಕೋ ನನಗೆ ಗೊತ್ತಿಲ್ಲ. ನಾನು ಬಗ್ಗಿ ಎಡಗಿವಿಯಲ್ಲಿ, "ಅದ್ರ್ ಬಣ್ಣ ಎಂತ?" ಎಂದು ಕೇಳಿದೆ.

"ಕಪ್ಪ್ ಕಾಂತ್ತ್," ಎಂದರು. ಸ್ವಲ್ಪ ತಡೆದು, "ಕಪ್ಪಲ್ಲ ಅದ್," ಎಂದರು. ತುಟಿ ಇನ್ನೂ ಅಲುಗುತ್ತಿತ್ತು, ದನಿ ಬರಲಿಲ್ಲ. ಮರುದಿನ ಮಧ್ಯಾಹ್ನ ತೀರಿಕೊಂಡರು.

ಫಿಲ್ಮು ಕ್ಯಾಮರಾದಲ್ಲೇ ಉಳಿದಿತ್ತು. ಒಂದೂವರೆ ತಿಂಗಳ ಮೇಲೆ ಸ್ಟುಡಿಯೋದ ಬೀಗ ತೆಗೆದೆ. ಡಾರ್ಕ್ ರೂಮಿನಲ್ಲಿ ರೋಲು ತೊಳೆಯುವುದು ಯಾವಾಗಲೂ ಅವರ ಕೆಲಸ, ಪ್ರಿಂಟು ನನ್ನದು. ನೋಡಿ ಗೊತ್ತಿತ್ತು, ಮಾಡಿ ಗೊತ್ತಿರಲಿಲ್ಲ. ಔಷಧ ಹೊಸದಾಗಿ ಕಲಸಿದೆ. ತಣ್ಣಗಾಗಲು ತಟ್ಟೆಯನ್ನು ಬಾವಿನೀರಿನಲ್ಲಿಟ್ಟೆ. ಕತ್ತಲಲ್ಲಿ ರೋಲಿನ ಎರಡು ತುದಿ ಹಿಡಿದು ಔಷಧದಲ್ಲಿ ಮೇಲೆ ಕೆಳಗೆ ಎಳೆಯುತ್ತ ನಿಮಿಷ ಎಣಿಸಿದೆ. ಕೈ ನಡುಗಿದರೆ ಫಿಲ್ಮು ತಟ್ಟೆಯ ಅಂಚಿಗೆ ತಾಗಿ ಗೀರು ಬೀಳುತ್ತದೆ. ಗೀರು ಬೀಳಲಿಲ್ಲ. ಹನ್ನೆರಡರಲ್ಲಿ ಒಂಬತ್ತು ಬರಿಯ ಬಂಡೆ, ಎರಡು ಮಸುಕು, ಒಂದು ಸರಿಯಾಗಿ ಬಂದಿತ್ತು. ಚೌಕಟ್ಟಿನ ಮಧ್ಯದಲ್ಲಿ, ಅಂಚು ಸುಕ್ಕುಗಟ್ಟಿದ ಒಂದು ಎಲೆಯಂಥದ್ದು. ತಲೆಯ ಮೇಲೆ ಎರಡು ಕೊಂಬು, ಬೆನ್ನಿನ ತುದಿಯಲ್ಲಿ ಬಿಚ್ಚಿದ ಗೊಂಡೆ. ಅವರು ತೆಗೆದ ಹನ್ನೆರಡು ಹುಳಗಳಲ್ಲಿ ಅದೇ ಎಲ್ಲಕ್ಕಿಂತ ಸ್ಪಷ್ಟ. ಪ್ರಿಂಟಿನಲ್ಲಿ ಅದರ ಮೈ ಪೂರ್ತಿ ಕಪ್ಪು.

ಮಾಸ್ಟ್ರು ಬಂದರು. ಪ್ರಿಂಟನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

"ಅಮ್ಮಾ, ಇದು ಯಾರೂ ಬರೆಯದ ಹುಳು ಇರಬಹುದು. ಬಣ್ಣ ಗೊತ್ತಾಗಬೇಕು. ಅವರೇನಾದರೂ ಹೇಳಿದ್ದರೇ?"

ಹೇಳಿದ್ದನ್ನು ಹೇಳಿದೆ.

"ಹಾಗಾದರೆ ಕೆಂಪೇ ಇರಬೇಕು. ನೀರಿನ ಕೆಳಗೆ ಕೆಂಪು ಕಪ್ಪಾಗಿ ಕಾಣುತ್ತದೆ." ಚೀಲದಿಂದ ಒಂದು ವಿದೇಶದ ಪುಸ್ತಕ ತೆಗೆದು ಪುಟ ತೋರಿಸಿದರು. ಸುಮಾರು ಅದರಂಥದ್ದೇ ಒಂದು, ದಾಸವಾಳದ ಕೆಂಪು. "ಹೀಗೆ ಹಾಕಿಕೊಡಿ. ಈ ಹುಳ ಅವರ ಹೆಸರಿನಲ್ಲೇ ಬರಲಿ ಎಂದು ನನಗೂ ಆಸೆ."

ಅವರು ಒಳ್ಳೆಯವರು. ನನಗೂ ಆ ಆಸೆ ಇತ್ತು. ಇವರ ಹೆಸರು ಒಂದು ಹುಳದ ಜೊತೆ ಅಚ್ಚಾಗಿ ಉಳಿಯಬೇಕಾದರೆ ಈ ಹನ್ನೆರಡನೆಯದಕ್ಕೆ ಬಣ್ಣ ಬೇಕಿತ್ತು. ಮರುದಿನ ಹುಳದ ಮೈ ಬೂದಾಗಿ ಬರುವಂತೆ ಇನ್ನೊಂದು ತೆಳು ಪ್ರಿಂಟು ತೆಗೆದು, ಕಿಟಕಿಯ ಬಳಿ ಕೂತು, ಹತ್ತಿಯ ತುದಿಗೆ ಕೆಂಪು ತೆಗೆದುಕೊಂಡು ಹಚ್ಚಿದೆ. ಅಂಚಿಗೆ ತೆಳ್ಳಗೆ, ಬೆನ್ನಿಗೆ ದಟ್ಟವಾಗಿ. ನನ್ನ ಕೈ ಕೆಟ್ಟಿರಲಿಲ್ಲ. ಹುಳ ಕಾಗದದಿಂದ ಎದ್ದು ಬರುವಂತಿತ್ತು. ನನ್ನ ಜೊತೆಗೆ ಇರಲು ಬಂದಿದ್ದ ಅತ್ತೆ ಹಿಂದೆ ನಿಂತು ನೋಡಿದರು.

"ಚಂದ ಇತ್ತ್," ಎಂದರು. "ಅವ ಕಂಡದ್ದ್ ಇದೇಯಾ?"

ನಾನು ಹತ್ತಿ ಕೆಳಗಿಟ್ಟೆ. ಕೆಂಪು ಕಪ್ಪಾಗುತ್ತದೆ ನಿಜ. ಕಡುನೇರಳೆಯೂ ಆಗುತ್ತದೆ, ಕಂದೂ ಆಗುತ್ತದೆ, ಸಂದಿನ ನೆರಳಿನಲ್ಲಿ ಗಾಢ ಹಸುರೂ ಆಗುತ್ತದೆ. ಇನ್ನೊಂದು ದಿನ ಬಿಟ್ಟರೆ ಈ ಕೆಂಪನ್ನೇ ಅವರು ಅಂಗಳದಲ್ಲಿ ನಿಂತು ಹೇಳಿದರೆಂದು ನಾನು ನಂಬುತ್ತೇನೆ ಅನ್ನಿಸಿತು. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಟರ್ಪೆಂಟೈನ್ ಹತ್ತಿಯಿಂದ ಒರೆಸಿದೆ. ಕೆಂಪು ಪೂರ್ತಿ ಹೋಗಲು ಮೂರು ಸಲ ಒರೆಸಬೇಕಾಯಿತು.

ಕಪ್ಪುಬಿಳುಪಿನ ಪ್ರಿಂಟನ್ನೇ ಮಾಸ್ಟ್ರಿಗೆ ಕಳಿಸಿದೆ. ಹಿಂದೆ 'ಬಣ್ಣ ತಿಳಿಯದು, ಕಪ್ಪಲ್ಲ' ಎಂದು ಬರೆದೆ. ಅವರು ಒಂದು ಕಾರ್ಡು ಬರೆದರು, ಒತ್ತಾಯಿಸಲಿಲ್ಲ. ಲೇಖನ ಹನ್ನೊಂದು ಹುಳಗಳೊಂದಿಗೇ ಅಚ್ಚಾಯಿತು. ಅದರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇವರಿಗೆ ಕೃತಜ್ಞತೆ ಇತ್ತು, ಇನಿಶಿಯಲ್ ತಪ್ಪಾಗಿ.

ಮುಂದಿನ ಮೂರು ಚಳಿಗಾಲ ದೋಣಿಯವರು ಆ ಸಂದನ್ನು ಹುಡುಕಿದರು. ತಾವೇ ಮುಳುಗುವ ವಯಸ್ಸಲ್ಲ, ಆದರೂ ಮುಳುಗಿದರು. ಮೂರನೆಯ ವರ್ಷ ಸ್ಟುಡಿಯೋಗೆ ಬಂದು ಬಾಗಿಲಲ್ಲೇ ನಿಂತರು.

"ಕಲ್ಲ್ ಅಲ್ಲೇ ಇತ್ತ್ ಅಮ್ಮ. ಹುಳ ಇಲ್ಲೆ. ಇನ್ನ್ ನನ್ನಿಂದ ಆತಿಲ್ಲೆ," ಎಂದರು.

ಕೂತು ಕಾಫಿ ಕುಡಿಯಿರಿ ಎಂದೆ. ಕುಡಿದು ಹೋದರು.

ಸ್ಟುಡಿಯೋ ಈಗಲೂ ನಡೆಯುತ್ತಿದೆ. ಫೋಟೋ ತೆಗೆಯುವುದನ್ನೂ ನಾನೇ ಕಲಿತಿದ್ದೇನೆ. ಆ ಹುಳ ಕಪ್ಪಲ್ಲ ಎಂದು ನನಗೆ ಗೊತ್ತು. ಯಾವ ಬಣ್ಣ ಎಂದು ಗೊತ್ತಿಲ್ಲ.